ವೈರ್‌ಲೆಸ್ ಕೀಬೋರ್ಡ್–ಮೌಸ್ ಸೆಟ್ ಆರಿಸುವುದು: ಮನೆಯ ಮೇಜಿನಿಂದ ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ

ಕೀಬೋರ್ಡ್ ಕೊಳ್ಳಲು ಹೊರಡುವ ಮೊದಲು ಒಂದು ಅಳತೆ ಟೇಪು ಹಿಡಿದು ನಿಮ್ಮ ಕಂಪ್ಯೂಟರ್ ಮೇಜಿನ ಮುಂದೆ ಕುಳಿತುಕೊಳ್ಳಿ. ಅಂಗಡಿಯಲ್ಲಿ ಡಬ್ಬಿಯ ಮೇಲೆ ಬರೆದಿರುವ ‘10 ಮೀಟರ್ ರೇಂಜ್’, ‘12 ಮಲ್ಟಿಮೀಡಿಯಾ ಕೀ’ ಎಂಬ ಮಾತುಗಳು ದಿನನಿತ್ಯದ ಬಳಕೆಯಲ್ಲಿ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಮೇಜಿನ ಅಗಲ, ಸಿಪಿಯು ಇಟ್ಟಿರುವ ಜಾಗ, ನೀವು ಕನ್ನಡ ಟೈಪ್ ಮಾಡುವ ವಿಧಾನ, ನಿಮ್ಮ ಅಂಗೈಯ ಉದ್ದ ಈ ನಾಲ್ಕು ಗೊತ್ತಿದ್ದರೆ ಅರ್ಧಕ್ಕಿಂತ ಹೆಚ್ಚು ಸೆಟ್‌ಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಉಳಿದವುಗಳಲ್ಲಿ ಆರಿಸುವುದು ಸುಲಭ.

ಮೇಜಿನ ಅಳತೆ

ನಂಬರ್ ಪ್ಯಾಡ್ ಇರುವ ಪೂರ್ಣ ಗಾತ್ರದ ಕೀಬೋರ್ಡ್ ಸುಮಾರು 44–45 ಸೆಂ.ಮೀ. ಅಗಲ ಇರುತ್ತದೆ. ಅದರ ಪಕ್ಕದಲ್ಲಿ ಮೌಸ್ ಆಡಲು 20ರಿಂದ 25 ಸೆಂ.ಮೀ. ಬೇಕು. ಅಂದರೆ ಒಟ್ಟು 70 ಸೆಂ.ಮೀ. ಕಂಪ್ಯೂಟರ್ ಮೇಜಿನ ಎಳೆದು ತೆಗೆಯುವ ಟ್ರೇ ಎಷ್ಟೋ ಮನೆಗಳಲ್ಲಿ ಇದಕ್ಕಿಂತ ಕಿರಿದಾಗಿರುತ್ತದೆ. ಆಗ ಕೀಬೋರ್ಡ್ ಟ್ರೇಯಲ್ಲಿ, ಮೌಸ್ ಮೇಲಿನ ಹಲಗೆಯಲ್ಲಿ ಎಂದು ಆಗಿಬಿಡುತ್ತದೆ. ಬಲ ಭುಜ ದಿನವಿಡೀ ಎತ್ತಿಕೊಂಡೇ ಇರುತ್ತದೆ, ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಟ್ರೇ ಕಿರಿದಾಗಿದ್ದರೆ ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡ್ ನೋಡಿ. ಅದರ ಅಗಲ ಸುಮಾರು 36 ಸೆಂ.ಮೀ., ಹೀಗಾಗಿ ಮೌಸ್ ಅದೇ ಟ್ರೇಯಲ್ಲಿ ಕೂರುತ್ತದೆ.

ಮನೆಯಲ್ಲಿ ಯಾರಾದರೂ ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್, ಎಕ್ಸೆಲ್ ಕೆಲಸ ಮಾಡುವವರಿದ್ದರೆ ಮಾತ್ರ ನಂಬರ್ ಪ್ಯಾಡ್ ಬಿಡಬೇಡಿ. ಅಂಥವರಿಗೆ ಟ್ರೇ ಬದಲಿಸುವುದೇ ಸರಿಯಾದ ದಾರಿ. ಪ್ಯಾಡ್ ಇಲ್ಲದ ಕೀಬೋರ್ಡಿನಲ್ಲಿ ಅಂಕಿಗಳನ್ನು ಮೇಲಿನ ಸಾಲಿನಿಂದ ಹೊಡೆಯುವುದು ಲೆಕ್ಕದವರಿಗೆ ಒಂದೇ ದಿನದಲ್ಲಿ ಬೇಸರ ತರಿಸುತ್ತದೆ.

ಎತ್ತರವನ್ನೂ ನೋಡಿಕೊಳ್ಳಿ. ಕುರ್ಚಿಯಲ್ಲಿ ಕೂತು ಭುಜ ಸಡಿಲ ಬಿಟ್ಟಾಗ ಮೊಣಕೈ ಎಲ್ಲಿದೆಯೋ ಕೀಬೋರ್ಡೂ ಅಷ್ಟೇ ಎತ್ತರದಲ್ಲಿರಬೇಕು. ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟಿದ್ದರೆ ಅದು ಸಾಮಾನ್ಯವಾಗಿ ಎತ್ತರ ಹೆಚ್ಚು. ದಪ್ಪ ಕೀಬೋರ್ಡ್ ಬೇಡ, ತೆಳ್ಳಗಿನದು ತೆಗೆದುಕೊಳ್ಳಿ. ಅದರ ಹಿಂದಿನ ಕಾಲುಗಳನ್ನು ಮಡಿಸಿಯೇ ಇಡಿ. ಕಾಲು ಎತ್ತಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ.

ಕಂಪ್ಯೂಟರಿನ ಹಿಂದೆ ಒಮ್ಮೆ ಇಣುಕಿ

ವೈರ್‌ಲೆಸ್ ಸೆಟ್‌ಗಳು ಎರಡು ಬಗೆ. ಒಂದರಲ್ಲಿ ಉಗುರಿನಷ್ಟು ಚಿಕ್ಕ ಯುಎಸ್‌ಬಿ ರಿಸೀವರ್ ಬರುತ್ತದೆ. ಅಂಗಡಿಯವರು ಇದನ್ನು ಡಾಂಗಲ್ ಅನ್ನುತ್ತಾರೆ. ಇನ್ನೊಂದು ಬ್ಲೂಟೂತ್. ಎರಡೂ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ರೇಡಿಯೋ ಪಟ್ಟಿಯಲ್ಲೇ.

ಮನೆಯ ಡೆಸ್ಕ್‌ಟಾಪಿಗೆ ಡಾಂಗಲ್ ಬಗೆಯೇ ಸೂಕ್ತ. ಕಾರಣ ಮೂರು. ಅನೇಕ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡಿನಲ್ಲಿ ಬ್ಲೂಟೂತ್ ಇರುವುದೇ ಇಲ್ಲ. ಇದ್ದರೂ ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ವಿಂಡೋಸ್ ಅಥವಾ ಲಿನಕ್ಸ್ ತೆರೆದುಕೊಂಡ ಮೇಲೆ ಕೆಲಸ ಆರಂಭಿಸುತ್ತದೆ. ಹಾಗಾಗಿ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗಲೇ ತೆರೆಯುವ ಸೆಟ್ಟಿಂಗ್ ಪುಟ) ಹೋಗಬೇಕಾದಾಗ, ವಿಂಡೋಸ್ ಮತ್ತೆ ಹಾಕಬೇಕಾದಾಗ ಕೈಕೊಡುತ್ತದೆ. ಮೂರನೆಯದು, ಒಂದೇ ಯಂತ್ರದಲ್ಲಿ ವಿಂಡೋಸೂ ಉಬುಂಟುವೂ (ಲಿನಕ್ಸಿನ ಒಂದು ಬಗೆ) ಇದ್ದರೆ ಬ್ಲೂಟೂತ್ ಜೋಡಣೆ ಪ್ರತಿ ಸಲವೂ ತಪ್ಪಿಹೋಗುತ್ತದೆ. ಡಾಂಗಲ್ ಹಾಗಲ್ಲ. ಕಂಪ್ಯೂಟರ್ ಅದನ್ನು ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಎಂದೇ ಗುರುತಿಸುತ್ತದೆ.

ಬ್ಲೂಟೂತ್‌ಗೂ ಒಂದು ಸಂದರ್ಭ ಇದೆ. ಕಚೇರಿಯ ಲ್ಯಾಪ್‌ಟಾಪ್, ಮನೆಯ ಡೆಸ್ಕ್‌ಟಾಪ್, ಟ್ಯಾಬ್ ಮೂರಕ್ಕೂ ಒಂದೇ ಕೀಬೋರ್ಡ್ ಬೇಕೆನ್ನುವವರು ಡಾಂಗಲ್ ಮತ್ತು ಬ್ಲೂಟೂತ್ ಎರಡೂ ಇರುವ ಸೆಟ್ ತೆಗೆದುಕೊಳ್ಳಬೇಕು. ಒಂದು ಗುಂಡಿ ಒತ್ತಿದರೆ ಯಂತ್ರ ಬದಲಾಗುತ್ತದೆ. ಕೀಬೋರ್ಡಿನಲ್ಲಿ ಮಾತ್ರವಲ್ಲ, ಮೌಸಿನಲ್ಲೂ ಆ ಗುಂಡಿ ಇದೆಯೇ ಎಂದು ಖಾತರಿ ಮಾಡಿಕೊಳ್ಳಿ. ಮೌಸಿನಲ್ಲಿ ಅದು ಎಷ್ಟೋ ಸಲ ಹೊಟ್ಟೆಯ ಕೆಳಗಿರುತ್ತದೆ, ಪ್ರತಿ ಸಲ ಮಗುಚಬೇಕಾಗುತ್ತದೆ.

ಈಗ ಸಿಪಿಯು ಹಿಂದೆ ಎಷ್ಟು ಯುಎಸ್‌ಬಿ ಪೋರ್ಟ್ ಖಾಲಿ ಇವೆ, ಅವುಗಳ ಒಳಗಿನ ಪ್ಲಾಸ್ಟಿಕ್ ನಾಲಗೆ ಯಾವ ಬಣ್ಣದ್ದು ಎಂದು ನೋಡಿ. ನೀಲಿ ಸಾಮಾನ್ಯವಾಗಿ ಯುಎಸ್‌ಬಿ 3.0, ಕಪ್ಪು ಅಥವಾ ಬಿಳಿ ಸಾಮಾನ್ಯವಾಗಿ 2.0. ಡಾಂಗಲ್‌ಗೆ 2.0 ಪೋರ್ಟೇ ಒಳ್ಳೆಯದು. ಯುಎಸ್‌ಬಿ 3.0 ಪೋರ್ಟ್, ಅದಕ್ಕೆ ಸಿಕ್ಕಿಸಿದ ಹಾರ್ಡ್‌ಡಿಸ್ಕ್ ಮತ್ತು ಅದರ ಕೇಬಲ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಪ್ರಕಟಿಸಿತು. ಫೋಟೋಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಹಾಕಿದಾಗ ಮಾತ್ರ ಮೌಸ್ ತಡವರಿಸುತ್ತದೆ, ಕಾಪಿ ಮುಗಿದ ಮೇಲೆ ಸರಿಯಾಗುತ್ತದೆ ಎಂದರೆ ಕಾರಣ ಇದೇ. ಮೌಸ್ ಕೆಟ್ಟಿದೆ ಎಂದು ಬದಲಿಸಿದರೂ ಹೊಸದು ಹಾಗೇ ಆಡುತ್ತದೆ.

ಕನ್ನಡ ಟೈಪ್ ಮಾಡುವವರು ನೋಡಬೇಕಾದ್ದು

ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕೀಬೋರ್ಡಿನ ಮೇಲೆ ಕನ್ನಡ ಅಕ್ಷರ ಮುದ್ರಿಸಿರಬೇಕಾದ ಅಗತ್ಯವಿಲ್ಲ. ಆದರೆ ನೀವು ಬಳಸುವ ವಿನ್ಯಾಸಕ್ಕೆ ತಕ್ಕಂತೆ ಕೆಲವು ಕೀಗಳ ಗಾತ್ರ ಮತ್ತು ಜಾಗ ಸರಿಯಾಗಿರಲೇಬೇಕು.

ನುಡಿ ತಂತ್ರಾಂಶ ಬಳಸುವವರು, ಅಂದರೆ ಕೆ.ಪಿ. ರಾವ್ ವಿನ್ಯಾಸದವರು, ಮೊದಲು ಶಿಫ್ಟ್ ಕೀ ನೋಡಬೇಕು. ಈ ವಿನ್ಯಾಸದಲ್ಲಿ ಅನುಸ್ವಾರ ಶಿಫ್ಟ್–ಎಂ, ‘ಳ’ ಶಿಫ್ಟ್–ಎಲ್, ‘ಣ’ ಶಿಫ್ಟ್–ಎನ್, ‘ಶ’ ಶಿಫ್ಟ್–ಎಸ್. ದೀರ್ಘ ಸ್ವರಗಳೆಲ್ಲ ಶಿಫ್ಟ್ ಜೊತೆಗೇ. ‘ಬೆಂಗಳೂರು’ ಎಂದು ಹೊಡೆಯಲು ಎಂಟು ಅಕ್ಷರ ಕೀಗಳು ಬೇಕು: ಬಿ, ಇ, ಎಂ, ಜಿ, ಎಲ್, ಯು, ಆರ್, ಯು. ಅವುಗಳಲ್ಲಿ ಎಂ, ಎಲ್ ಮತ್ತು ಮೊದಲ ಯು ಮೂರಕ್ಕೂ ಶಿಫ್ಟ್ ಹಿಡಿಯಬೇಕು. ಇಂಗ್ಲಿಷ್ ಟೈಪಿಸ್ಟಿಗೆ ವಾಕ್ಯಕ್ಕೆ ಒಂದೆರಡು ಸಲ ಬೇಕಾಗುವ ಕೀ ನಮಗೆ ಪದಪದಕ್ಕೂ ಬೇಕು. ಈ ಮೂರು ಅಕ್ಷರಗಳೂ ಬಲಗೈಯವು, ಆದ್ದರಿಂದ ಎಡ ಶಿಫ್ಟೇ ಹೆಚ್ಚು ದುಡಿಯುತ್ತದೆ.

ಬ್ರಿಟಿಷ್ ಮಾದರಿಯ ಕೀಬೋರ್ಡ್‌ಗಳಲ್ಲಿ ಈ ಎಡ ಶಿಫ್ಟ್ ಗಿಡ್ಡ. ಅದರ ಮತ್ತು ಜೆಡ್ ಕೀಯ ನಡುವೆ ಇನ್ನೊಂದು ಕೀ ತೂರಿಕೊಂಡಿರುತ್ತದೆ, ಎಂಟರ್ ಕೀ ಎರಡು ಸಾಲಿನಷ್ಟು ಎತ್ತರ ಇರುತ್ತದೆ. ಕಿರುಬೆರಳು ಶಿಫ್ಟ್ ಎಂದುಕೊಂಡು ಆ ಕೀ ಒತ್ತಿ ಸಾಲಿನ ನಡುವೆ ಬೇಡದ ಗೆರೆ ಬರುತ್ತದೆ. ನಮ್ಮಲ್ಲಿ ಮಾಮೂಲಾಗಿ ಸಿಗುವುದು ಅಮೆರಿಕನ್ ಮಾದರಿ: ಉದ್ದದ ಎಡ ಶಿಫ್ಟ್, ಅಡ್ಡವಾಗಿ ಮಲಗಿದ ಎಂಟರ್. ಡಬ್ಬಿಯ ಚಿತ್ರ ನಂಬದೆ ಕೀಬೋರ್ಡನ್ನೇ ಹೊರತೆಗೆಸಿ ನೋಡಿ.

ಇದೇ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀ. ‘ಕನ್ನಡ’ ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಫ್ ಮೇಲೆ ಬೆರಳಿಗೆ ಸಿಗುವ ಉಬ್ಬು ಗೆರೆ ಸ್ಪಷ್ಟವಾಗಿರಬೇಕು. ಕೆಲವು ಅಗ್ಗದ ಸೆಟ್‌ಗಳಲ್ಲಿ ಅದು ಸವರಿದರೂ ಗೊತ್ತಾಗುವುದಿಲ್ಲ.

ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳಿಗೆಂದು ಸರ್ಕಾರ ಗೊತ್ತುಮಾಡಿದ ಕೀ ವಿನ್ಯಾಸ) ಬಳಸುವವರ ಸಮಸ್ಯೆ ಬಲಬದಿಯಲ್ಲಿದೆ. ಅಲ್ಲಿ ‘ಡ’ ಇರುವುದು ಚೌಕ ಆವರಣದ ಕೀಯಲ್ಲಿ, ‘ಚ’ ಇರುವುದು ಸೆಮಿಕೋಲನ್ ಕೀಯಲ್ಲಿ, ‘ಟ’ ಅದರ ಪಕ್ಕದ ಉದ್ಧರಣ ಚಿಹ್ನೆಯ ಕೀಯಲ್ಲಿ. ಚಿಕ್ಕ ಕೀಬೋರ್ಡ್ ತಯಾರಿಸುವವರು ಜಾಗ ಉಳಿಸಲು ಮೊದಲು ಕಿರಿದಾಗಿಸುವುದು ಇವೇ ಕೀಗಳನ್ನು. ಇಂಗ್ಲಿಷಿನಲ್ಲಿ ಅವು ಬರೀ ಚಿಹ್ನೆಗಳು, ನಮಗೆ ಅಕ್ಷರಗಳು. ಇವು ಉಳಿದ ಅಕ್ಷರಗಳಷ್ಟೇ ಅಗಲ ಇಲ್ಲದ ಕೀಬೋರ್ಡನ್ನು ಇನ್‌ಸ್ಕ್ರಿಪ್ಟ್‌ನವರು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬಾರದು.

ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದಂತೆ ಹೊಡೆದು ಕನ್ನಡ ಪಡೆಯುವವರಿಗೆ ಯಾವ ತೊಂದರೆಯೂ ಇಲ್ಲ. ವಿಂಡೋಸ್ 10ರಲ್ಲಿ 2019ರ ಮೇ ಅಪ್‌ಡೇಟಿನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಸೇರಿಕೊಂಡಿದೆ, ಅದಕ್ಕೆ ಯಾವ ಕೀಬೋರ್ಡಾದರೂ ಸರಿ.

ಇನ್ನೆರಡು ಸಣ್ಣ ವಿಷಯ. ವಿಂಡೋಸಿನ ‘ಇಂಗ್ಲಿಷ್ ಇಂಡಿಯಾ’ ವಿನ್ಯಾಸದಲ್ಲಿ ರೂಪಾಯಿ ಚಿಹ್ನೆ ಬರುವುದು ಬಲಬದಿಯ ಆಲ್ಟ್ ಮತ್ತು 4 ಒಟ್ಟಿಗೆ ಒತ್ತಿದಾಗ. ಕೆಲವು ಚಿಕ್ಕ ಕೀಬೋರ್ಡ್‌ಗಳಲ್ಲಿ ಬಲ ಆಲ್ಟ್ ತೆಗೆದು ಎಫ್‌ಎನ್ ಕೀ ಇಟ್ಟಿರುತ್ತಾರೆ. ಹಾಗೆಯೇ, ಬ್ಯಾಟರಿ ಉಳಿಸಲು ಅನೇಕ ವೈರ್‌ಲೆಸ್ ಕೀಬೋರ್ಡ್‌ಗಳಲ್ಲಿ ಕ್ಯಾಪ್ಸ್‌ಲಾಕ್ ದೀಪ ಇರುವುದಿಲ್ಲ. ಮನೆಯಲ್ಲಿ ಹಿರಿಯರು ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವವರಾಗಿದ್ದರೆ ದೀಪ ಇರುವ ಸೆಟ್ ಹುಡುಕಿ. ಕ್ಯಾಪ್ಸ್ ಆನ್ ಇರುವುದು ತಿಳಿಯದೆ ಮೂರು ಸಲ ತಪ್ಪಾಗಿ, ಖಾತೆ ಲಾಕ್ ಆಗಿ, ಶಾಖೆಗೆ ಅಲೆಯುವ ಕಷ್ಟ ತಪ್ಪುತ್ತದೆ.

ಕೀಗಳ ಬಗೆ

ಸಾಮಾನ್ಯ ಸೆಟ್‌ಗಳಲ್ಲಿರುವುದು ಮೆಂಬ್ರೇನ್, ಅಂದರೆ ಕೀಗಳ ಕೆಳಗೆ ರಬ್ಬರಿನ ಗುಮ್ಮಟದಂಥ ಹಾಳೆ. ತೆಳ್ಳಗಿನವುಗಳಲ್ಲಿ ಲ್ಯಾಪ್‌ಟಾಪಿನ ಹಾಗೆ ಕತ್ತರಿ ಆಕಾರದ ಆಧಾರ ಇರುತ್ತದೆ, ಕೀ ಸುಮಾರು 2 ಮಿ.ಮೀ. ಇಳಿಯುತ್ತದೆ. ದುಬಾರಿಯವು ಮೆಕ್ಯಾನಿಕಲ್, ಸುಮಾರು 4 ಮಿ.ಮೀ. ಇಳಿಯುತ್ತವೆ, ಬಹುಕಾಲ ಬಾಳುತ್ತವೆ, ಆದರೆ ಹಲವು ಬಗೆಗಳು ಜೋರಾಗಿ ಸದ್ದು ಮಾಡುತ್ತವೆ. ಎರಡು ಕೋಣೆಯ ಮನೆಯಲ್ಲಿ ಮಗು ಮಲಗಿರುವಾಗ ರಾತ್ರಿಪಾಳಿಯ ಕೆಲಸ ಮಾಡುವವರಿಗೆ ಅದು ಹೊಂದುವುದಿಲ್ಲ. ಮನೆಗೆ ಒಳ್ಳೆಯ ಮೆಂಬ್ರೇನ್ ಅಥವಾ ಕತ್ತರಿ ಕೀ ಸಾಕು.

ಒಳ್ಳೆಯದೋ ಅಲ್ಲವೋ ಎಂದು ಹೀಗೆ ನೋಡಿ: ಸ್ಪೇಸ್ ಬಾರನ್ನು ಎಡ ತುದಿ, ಬಲ ತುದಿ, ನಡುವೆ ಮೂರು ಕಡೆಯೂ ಒತ್ತಿ. ಮೂರೂ ಕಡೆ ಒಂದೇ ಬಿಗಿಯಲ್ಲಿ ಇಳಿಯಬೇಕು. ತುದಿಯಲ್ಲಿ ಒತ್ತಿದಾಗ ಸಿಕ್ಕಿಕೊಂಡರೆ ಬೇಡ. ಬ್ಯಾಕ್‌ಸ್ಪೇಸ್, ಎಂಟರ್, ಶಿಫ್ಟ್‌ಗಳಿಗೂ ಇದೇ ಪರೀಕ್ಷೆ. ಕೀಬೋರ್ಡಿನ ನಡುಭಾಗವನ್ನು ಹೆಬ್ಬೆರಳಿಂದ ಅದುಮಿ. ಹಲಗೆ ಬಾಗಿದರೆ ಟೈಪ್ ಮಾಡುವಾಗ ಕುಲುಕುತ್ತದೆ. ಕೀಗಳ ಮೇಲಿನ ಅಕ್ಷರ ಬರೀ ಮೇಲ್ಮೈ ಮುದ್ರಣವಾಗಿದ್ದರೆ ಉಗುರಿನಿಂದ ಸವರಿದಾಗ ಉಬ್ಬು ಸಿಗುತ್ತದೆ, ಕೆಲ ತಿಂಗಳ ಬಳಕೆಯಲ್ಲಿ ಅಳಿಸುತ್ತದೆ. ಲೇಸರಿನಿಂದ ಕೊರೆದ ಅಕ್ಷರ ಹೆಚ್ಚು ಕಾಲ ನಿಲ್ಲುತ್ತದೆ.

ತಳದಲ್ಲಿ ನೀರು ಹರಿದುಹೋಗುವ ರಂಧ್ರಗಳಿದ್ದರೆ ಇನ್ನೂ ಒಳ್ಳೆಯದು. ಮಾಮೂಲಿ ಕೀಬೋರ್ಡಿನ ಮೇಲೆ ಸಕ್ಕರೆ ಹಾಕಿದ ಕಾಫಿ ಚೆಲ್ಲಿದರೆ ನೀರು ಆರಿದ ಮೇಲೂ ಸಕ್ಕರೆಯ ಅಂಟು ಹಾಳೆಯ ಮೇಲೆ ಉಳಿದು ಕೀ ಎದ್ದು ಬರುವುದಿಲ್ಲ.

ಮೌಸ್

ನಡುಬೆರಳ ತುದಿಯಿಂದ ಮಣಿಕಟ್ಟಿನ ಮೊದಲ ಗೆರೆವರೆಗೆ ಅಳೆಯಿರಿ. 17 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಚಿಕ್ಕ ಕೈ, 19ಕ್ಕಿಂತ ಹೆಚ್ಚಿದ್ದರೆ ದೊಡ್ಡ ಕೈ. ಅಗ್ಗದ ಸೆಟ್‌ಗಳ ಜೊತೆ ಬರುವ ಮೌಸ್ ಬಹುಪಾಲು 10 ಸೆಂ.ಮೀ. ಆಸುಪಾಸಿನದು. ದೊಡ್ಡ ಕೈಯವರು ಅದನ್ನು ಬೆರಳ ತುದಿಗಳಲ್ಲಿ ಚಿವುಟಿ ಹಿಡಿಯುತ್ತಾರೆ, ದಿನಕ್ಕೆ ಎಂಟು ತಾಸು ಹಾಗೆ ಹಿಡಿದರೆ ಹೆಬ್ಬೆರಳ ಬುಡ ನೋಯುತ್ತದೆ. ಸೆಟ್ಟಿನ ದೌರ್ಬಲ್ಯ ಹೆಚ್ಚಾಗಿ ಮೌಸಿನಲ್ಲೇ ಇರುತ್ತದೆ. ಕೀಬೋರ್ಡ್ ಹಿಡಿಸಿ ಮೌಸ್ ಹಿಡಿಸದಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಕೊಳ್ಳಿ. ಎರಡು ಪೋರ್ಟ್ ಹೋಗುತ್ತದೆ, ಅಷ್ಟೇ. ಒಂದೇ ರಿಸೀವರಿಗೆ ಎರಡನ್ನೂ ಸೇರಿಸುವ ಆಸೆಯಿದ್ದರೆ ಚಿಹ್ನೆ ನೋಡಿ: ಲಾಜಿಟೆಕ್‌ನ ಕಿತ್ತಳೆ ಬಣ್ಣದ ಯೂನಿಫೈಯಿಂಗ್ ಗುರುತಿನ ಹಳೆಯ ರಿಸೀವರೂ 2021ರಲ್ಲಿ ಬಂದ ಬೋಲ್ಟ್ ರಿಸೀವರೂ ಒಂದಕ್ಕೊಂದು ಹೊಂದುವುದಿಲ್ಲ.

ಎಡಗೈಯವರಿದ್ದರೆ ಎರಡೂ ಬದಿ ಒಂದೇ ಆಕಾರದ ಮೌಸ್ ಬೇಕು. ಡಿಪಿಐ, ಅಂದರೆ ಮೌಸ್ ಸರಿಸಿದಾಗ ಪರದೆಯ ಬಾಣ ಎಷ್ಟು ಓಡುತ್ತದೆ ಎಂಬ ಅಳತೆಯ ಬಗ್ಗೆ ಚಿಂತೆ ಬೇಡ. ಮನೆಯ ಒಂದು ಸಾಮಾನ್ಯ ಪರದೆಗೆ 1000ದಿಂದ 1600 ಸಾಕು. ಚಿಂತಿಸಬೇಕಾದ್ದು ಮೇಜಿನ ಮೇಲ್ಮೈ. ಮಾಮೂಲಿ ಆಪ್ಟಿಕಲ್ ಮೌಸ್ ಗಾಜಿನ ಮೇಲೆ ನಡೆಯುವುದಿಲ್ಲ, ಕನ್ನಡಿಯಂತೆ ಹೊಳೆಯುವ ಸನ್‌ಮೈಕಾ ಮೇಲೆ ಜಿಗಿಯುತ್ತದೆ. ಸೆನ್ಸರ್ ಕೆಳಗಿನ ಮೇಲ್ಮೈಯ ಸೂಕ್ಷ್ಮ ಒರಟುತನವನ್ನು ಚಿತ್ರ ತೆಗೆದು ಹೋಲಿಸುತ್ತದೆ, ಗಾಜಿನಲ್ಲಿ ಹೋಲಿಸಲು ಏನೂ ಸಿಗುವುದಿಲ್ಲ. 25ಕ್ಕೆ 20 ಸೆಂ.ಮೀ. ಬಟ್ಟೆಯ ಮೌಸ್‌ಪ್ಯಾಡ್ ಒಂದನ್ನು ಜೊತೆಗೇ ಕೊಂಡುಬಿಡಿ.

ಬ್ಯಾಟರಿ

ಎಎ ಅಥವಾ ಎಎಎ ಸೆಲ್ ಹಾಕುವ ಸೆಟ್ಟೇ ಮನೆಗೆ ಹೆಚ್ಚು ವರ್ಷ ಬರುತ್ತದೆ. ಒಳಗೇ ಕೂರಿಸಿದ ಲಿಥಿಯಂ ಬ್ಯಾಟರಿ ಕೆಲ ವರ್ಷಗಳಲ್ಲಿ ಸೊರಗಿದಾಗ ಅದನ್ನು ಬದಲಿಸುವುದು ಕಷ್ಟ. ಹಿಂಬೆಳಕು ಇರುವ ಕೀಬೋರ್ಡ್ ಬೇಕಿದ್ದರೆ ಮಾತ್ರ ಚಾರ್ಜ್ ಮಾಡುವಂಥದ್ದು ತೆಗೆದುಕೊಳ್ಳಿ, ಅದೂ ಯುಎಸ್‌ಬಿ–ಸಿ ಪೋರ್ಟ್ ಇರುವುದು.

ಸೆಲ್ ಆಲ್ಕಲೈನ್ ಆಗಿರಲಿ. ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಸೆಲ್‌ಗಳನ್ನೂ ಬಳಸಬಹುದು, ಆದರೆ ಅವುಗಳ ವೋಲ್ಟೇಜ್ 1.5 ಅಲ್ಲ, 1.2. ಹಾಗಾಗಿ ಬ್ಯಾಟರಿ ಮುಗಿಯಿತೆಂಬ ಎಚ್ಚರಿಕೆ ಬೇಗ ಬರಬಹುದು. ಹಳೆಯ ಸೆಲ್ ಜೊತೆ ಹೊಸದನ್ನು ಸೇರಿಸಬೇಡಿ. ಬೇಸಿಗೆ ರಜೆಗೆ ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಸೆಲ್ ತೆಗೆದಿಡಿ.

ಪಕ್ಕದ ಫ್ಲ್ಯಾಟಿನವರ ಕಿವಿ

ಅಪಾರ್ಟ್‌ಮೆಂಟಿನಲ್ಲಿ ಗೋಡೆಯಾಚೆಗೂ ರೇಡಿಯೋ ಸಂಕೇತ ಹೋಗುತ್ತದೆ. 2016ರಲ್ಲಿ ಬ್ಯಾಸ್ಟಿಲ್ ಎಂಬ ಭದ್ರತಾ ಸಂಸ್ಥೆ ಹಲವು ಕಂಪನಿಗಳ ಅಗ್ಗದ ವೈರ್‌ಲೆಸ್ ಕೀಬೋರ್ಡ್‌ಗಳು ಒತ್ತಿದ ಪ್ರತಿ ಅಕ್ಷರವನ್ನೂ ಯಾವ ಗೂಢಲಿಪಿಯೂ ಇಲ್ಲದೆ ಗಾಳಿಗೆ ಬಿಡುತ್ತವೆ ಎಂದು ತೋರಿಸಿತು. ನೆಟ್ ಬ್ಯಾಂಕಿಂಗ್ ಮಾಡುವ ಮನೆಯಲ್ಲಿ ಡಬ್ಬಿಯ ಮೇಲೆ ಅಥವಾ ಕಂಪನಿಯ ಪುಟದಲ್ಲಿ ‘128 ಬಿಟ್ ಎಇಎಸ್ ಎನ್‌ಕ್ರಿಪ್ಶನ್’ (ಗೂಢಲಿಪಿಯ ರಕ್ಷಣೆ) ಎಂದು ಸ್ಪಷ್ಟವಾಗಿ ಬರೆದಿರುವ ಸೆಟ್ ಮಾತ್ರ ಕೊಳ್ಳಿ. ಈ ಒಂದು ವಿಷಯದಲ್ಲಿ ಮುನ್ನೂರು ರೂಪಾಯಿ ಉಳಿಸಲು ಹೋಗಬೇಡಿ.

ಎಸ್.ಪಿ. ರಸ್ತೆಯಲ್ಲಿ

ಆನ್‌ಲೈನಿನಲ್ಲಿ ಬೆಲೆ ನೋಡಿಕೊಂಡು, ಕೈಯಲ್ಲಿ ಮುಟ್ಟಿ ನೋಡಲು ಸದರ್ ಪತ್ರಪ್ಪ ರಸ್ತೆಗೆ ಹೋಗುವುದು ನಮ್ಮ ಊರಿನವರಿಗಿರುವ ದೊಡ್ಡ ಅನುಕೂಲ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆಯಿರಿ. ಗಾಡಿ ತಂದರೆ ನಿಲ್ಲಿಸಲು ಜಾಗ ಹುಡುಕುವುದೇ ಕೆಲಸವಾಗುತ್ತದೆ. ಭಾನುವಾರ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ.

ಡಬ್ಬಿಯನ್ನು ಈ ಕ್ರಮದಲ್ಲಿ ನೋಡಿ. ಮೊದಲು ಎಂಆರ್‌ಪಿ, ತಯಾರಾದ ದೇಶ, ಆಮದುದಾರರ ಹೆಸರು–ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ ಇರುವ ಚೀಟಿ. ಅದಿಲ್ಲದ ಡಬ್ಬಿ ಬೇಡ. ಆಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ. ವೈರ್‌ಲೆಸ್ ಕೀಬೋರ್ಡ್‌ಗಳಿಗೆ ಈ ನೋಂದಣಿ ಕಡ್ಡಾಯ. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯ ಯಾವ ವಸ್ತು ಎಂದು ತಿಳಿಯುತ್ತದೆ. ಅಲ್ಲಿ ಬಂದ ಹೆಸರಿಗೂ ಕೈಯಲ್ಲಿರುವ ಡಬ್ಬಿಗೂ ತಾಳೆಯಾಗದಿದ್ದರೆ ವಾಪಸ್ ಕೊಡಿ. ಕೊನೆಗೆ ಡಬ್ಬಿಯ ಮೇಲಿನ ಸೀರಿಯಲ್ ನಂಬರ್, ಕೀಬೋರ್ಡಿನ ಬೆನ್ನಿನ ನಂಬರ್ ಎರಡೂ ಹೊಂದುತ್ತವೆಯೇ ನೋಡಿ.

“ಅಣ್ಣಾ, ಒಂದ್ಸಲ ನಿಮ್ಮ ಸಿಸ್ಟಮ್‌ಗೆ ಹಾಕಿ ತೋರ್ಸಿ” ಎಂದು ಕೇಳಲು ಸಂಕೋಚ ಬೇಡ. ನೋಟ್‌ಪ್ಯಾಡ್ ತೆರೆಸಿ ಪ್ರತಿ ಸಾಲಿನ ಕೀಗಳನ್ನೂ ಎಡದಿಂದ ಬಲಕ್ಕೆ ಒತ್ತಿಕೊಂಡು ಹೋಗಿ. ಒಂದು ಅಕ್ಷರವೂ ತಪ್ಪಬಾರದು, ಎರಡೆರಡು ಸಲ ಬೀಳಬಾರದು. ಮೌಸಿನ ಎಡಗುಂಡಿಯನ್ನು ಮೂವತ್ತು ಸಲ ನಿಧಾನವಾಗಿ ಒಂದೊಂದೇ ಒತ್ತಿ ಒಂದು ಫೋಲ್ಡರಿನ ಮೇಲೆ ನೋಡಿ. ಒಂದೇ ಒತ್ತಿಗೆ ಫೋಲ್ಡರ್ ತೆರೆದುಕೊಂಡರೆ ಒಳಗಿನ ಸ್ವಿಚ್ ಸರಿಯಿಲ್ಲ. ಮೌಸಿನ ಬ್ಯಾಟರಿ ಗೂಡಿನಲ್ಲಿ ಡಾಂಗಲ್ ಇಡಲು ಜಾಗ ಇದೆಯೇ, ಡಾಂಗಲ್ ಕಳೆದರೆ ಬೇರೆ ಸಿಗುತ್ತದೆಯೇ ಎಂದೂ ಕೇಳಿ. ಅನೇಕ ಅಗ್ಗದ ಸೆಟ್‌ಗಳಿಗೆ ಸಿಗುವುದಿಲ್ಲ, ಅದು ಕಳೆದ ದಿನವೇ ಎರಡೂ ಸಾಮಾನು ದಂಡ.

ಬಿಲ್ಲು ಜಿಎಸ್‌ಟಿ ಸಮೇತ, ಸೀರಿಯಲ್ ನಂಬರ್ ಬರೆಸಿ ತೆಗೆದುಕೊಳ್ಳಿ. ಬಿಲ್ಲಿಲ್ಲದಿದ್ದರೆ ಇಷ್ಟು ಕಡಿಮೆ ಎನ್ನುವ ಮಾತಿಗೆ ಒಪ್ಪಿದರೆ ವಾರಂಟಿ ಕೈತಪ್ಪುತ್ತದೆ. ಥರ್ಮಲ್ ಕಾಗದದ ಬಿಲ್ಲು ಕೆಲ ತಿಂಗಳಲ್ಲಿ ಮಾಸುತ್ತದೆ, ಅಲ್ಲೇ ಫೋಟೋ ತೆಗೆದಿಡಿ.

ಮನೆಯಲ್ಲಿ ಜೋಡಿಸುವುದು, ಆಮೇಲೆ ಬರುವ ತೊಂದರೆಗಳು

ಸೆಲ್ ಹಾಕಿ, ಗೂಡಿನಲ್ಲಿರುವ ಪಾರದರ್ಶಕ ಪಟ್ಟಿ ಎಳೆದು ತೆಗೆಯಿರಿ, ಕೆಳಗಿನ ಆನ್ ಗುಂಡಿ ಸರಿಸಿ. ಡಾಂಗಲನ್ನು ಸಿಪಿಯು ಹಿಂದಿನ ಪೋರ್ಟಿಗೆ ನೇರವಾಗಿ ಹಾಕುವುದೇ ಸಾಮಾನ್ಯ ತಪ್ಪು. ಸಿಪಿಯು ಮೇಜಿನ ಕೆಳಗೆ ನೆಲದ ಮೇಲಿದ್ದರೆ ನಡುವೆ ಅದರ ಲೋಹದ ಡಬ್ಬಿಯೂ ನಿಮ್ಮ ಕಾಲುಗಳೂ ಇರುತ್ತವೆ. ಮುಂದಿನ ಪೋರ್ಟಿಗೆ ಹಾಕಿದರೆ ಕಸ ಗುಡಿಸುವಾಗ ಪೊರಕೆ ತಗುಲುತ್ತದೆ. ಒಂದು ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲನ್ನು ಮೇಜಿನ ಮೇಲೆ, ಕೀಬೋರ್ಡಿನಿಂದ ಒಂದು ಅಡಿ ದೂರದಲ್ಲಿ, ವೈಫೈ ರೂಟರಿನಿಂದ ದೂರ ಇಡಿ. ಮೌಸ್ ತಡವರಿಸುವ ದೂರುಗಳಲ್ಲಿ ಬಹುಪಾಲು ಇಷ್ಟಕ್ಕೇ ನಿಂತುಹೋಗುತ್ತವೆ.

ಆಮೇಲೂ ತಡವರಿಸಿದರೆ ವೈಫೈ ಕಡೆ ಹೋಗಿ. ಒಂದು ಅಪಾರ್ಟ್‌ಮೆಂಟಿನಲ್ಲಿ ಹತ್ತಿಪ್ಪತ್ತು ರೂಟರುಗಳು ಇದೇ 2.4 ಪಟ್ಟಿಯಲ್ಲಿ ಮಾತಾಡುತ್ತಿರುತ್ತವೆ. ಕಂಪ್ಯೂಟರನ್ನೂ ಫೋನುಗಳನ್ನೂ ರೂಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಬದಲಿಸಿ, ಕನಿಷ್ಠ ನಿಮ್ಮ ಮನೆಯೊಳಗಿನ ಗದ್ದಲವಾದರೂ ಇಳಿಯುತ್ತದೆ.

ಸ್ವಲ್ಪ ಹೊತ್ತು ಬಿಟ್ಟು ಬಂದು ಟೈಪ್ ಮಾಡಿದಾಗ ಮೊದಲ ಅಕ್ಷರ ಬೀಳದಿದ್ದರೆ ಅದು ದೋಷವಲ್ಲ. ಬ್ಯಾಟರಿ ಉಳಿಸಲು ಮಲಗಿದ್ದ ಕೀಬೋರ್ಡ್ ಎದ್ದ ಕ್ಷಣ ಅದು. ಪಾಸ್‌ವರ್ಡ್ ಹೊಡೆಯುವ ಮೊದಲು ಒಮ್ಮೆ ಶಿಫ್ಟ್ ಒತ್ತಿ ಎಬ್ಬಿಸಿ. ಆದರೆ ಐದಾರು ಸೆಕೆಂಡ್ ಏನೂ ಆಗದಿದ್ದರೆ ವಿಂಡೋಸ್ ಪೋರ್ಟಿನ ವಿದ್ಯುತ್ ತೆಗೆಯುತ್ತಿರಬಹುದು. ಡಿವೈಸ್ ಮ್ಯಾನೇಜರ್ ತೆರೆದು, ಯುಎಸ್‌ಬಿ ರೂಟ್ ಹಬ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಭಾಗದಲ್ಲಿ ಕಂಪ್ಯೂಟರಿಗೆ ಈ ಸಾಧನ ಆರಿಸಲು ಬಿಡುವ ಗುರುತನ್ನು ತೆಗೆಯಿರಿ.

ಹಳೆಯ ವೈರಿನ ಕೀಬೋರ್ಡನ್ನು ಗುಜರಿಗೆ ಹಾಕಬೇಡಿ. ರಾತ್ರಿ ಹನ್ನೊಂದಕ್ಕೆ ಸೆಲ್ ಮುಗಿದು ಅಂಗಡಿ ಮುಚ್ಚಿದ್ದಾಗ ಅದೇ ಆಧಾರ.

ಸೆಲ್ ಸೋರಿ ಗೂಡಿನ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಸೆಟ್ ಸತ್ತಿತೆಂದು ಎಸೆಯುವ ಮೊದಲು ಇದನ್ನು ಮಾಡಿ: ಸೆಲ್ ತೆಗೆದು, ಕಿವಿಗೆ ಬಳಸುವ ಹತ್ತಿಕಡ್ಡಿಯ ತುದಿಗೆ ಎರಡು ಹನಿ ನಿಂಬೆರಸ ಅಥವಾ ವಿನಿಗರ್ ಹಾಕಿ ಪುಡಿಯನ್ನು ಒರೆಸಿ. ಆಲ್ಕಲೈನ್ ಸೆಲ್ಲಿನಿಂದ ಬರುವುದು ಕ್ಷಾರ, ಆದ್ದರಿಂದ ಹುಳಿ ಅದನ್ನು ಕರಗಿಸುತ್ತದೆ, ಸಣ್ಣಗೆ ನೊರೆ ಬರುತ್ತದೆ. ನೊರೆ ನಿಂತ ಮೇಲೆ ಒದ್ದೆ ಕಡ್ಡಿಯಿಂದ ಹುಳಿಯನ್ನೂ ಒರೆಸಿ, ಒಣ ಕಡ್ಡಿಯಿಂದ ತೇವ ತೆಗೆದು, ಅರ್ಧ ದಿನ ಮುಚ್ಚಳ ತೆರೆದಿಟ್ಟು ಹೊಸ ಸೆಲ್ ಹಾಕಿ. ಆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಣ್ಣಿಗೆ ತಗುಲಿದರೆ ಉರಿಯುತ್ತದೆ.